ದೊರೆಗಳು ಮಲಗಿದ್ದ ತೋಟ

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಆರು ತಿಂಗಳು ತುಂಬಿತ್ತು. ಹಿಂದಿನ ವರ್ಷದ ಬಸುರು ಐದನೇ ತಿಂಗಳಿಗೇ ಹೋಗಿದ್ದರಿಂದ ನಾಗಮಂಗಲದ ಮನೆಯಲ್ಲಿ ನಮ್ಮತ್ತೆ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದರು. ಶ್ರೀರಂಗಪಟ್ಟಣಕ್ಕೆ ಹೊರಟಾಗ ಅವರು ಹೇಳಿದ್ದು ಒಂದೇ: ರಂಗನಾಥನ ದರ್ಶನ ಮಾಡಿ ನೇರ ಬಸ್ಸು ಹತ್ತಬೇಕು, ಬಸುರಿಯೂ ಅವಳ ಗಂಡನೂ ಸ್ಮಶಾನದ ಕಡೆ ಸುಳಿಯಬಾರದು. ನಾನೇನು ಸ್ಮಶಾನ ನೋಡಲು ಹೋಗುತ್ತೇನೆಯೇ ಎಂದು ಒಳಗೊಳಗೇ ಸಿಡುಕಿದ್ದೆ.

ನನ್ನ ಗಂಡನಿಗೆ ಹಳೇ ಕಟ್ಟಡಗಳ ಹುಚ್ಚು. ಬ್ರಿಟಿಷರ ದಂಡು ಇದ್ದ ಕಡೆ, ಹೊಳೆ ದಂಡೆಯಲ್ಲಿ, ಅವರ ಬಂಗಲೆಯಿದೆ, ನಡೆದೇ ಹೋಗಿ ಬರೋಣ ಎಂದರು. ಬೇಡ ಅನ್ನಬೇಕಿತ್ತು. ಆದರೆ ಮದುವೆಯಾದ ಮೂರು ವರ್ಷದಲ್ಲಿ ಇಬ್ಬರೇ ಎಲ್ಲಿಗೂ ಹೋದವರಲ್ಲ, ಉಬ್ಬಿಹೋದೆ. ಪಾಳು ಬಂಗಲೆ ನೋಡುವಷ್ಟರಲ್ಲಿ ನನ್ನ ಕಾಲು ಬಿದ್ದುಹೋಗಿತ್ತು. ಅಲ್ಲೇ ಹತ್ತಿರ ಗೋಡೆ ಕಟ್ಟಿದ ಒಂದು ತೋಟ. ಬಾಗಿಲಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕಿಯನ್ನು, ಒಳಗೆ ತುಸು ಹೊತ್ತು ಕೂರಬಹುದೇ ಎಂದು ಕೇಳಿದೆ.

"ವೋಗಿ ಕಣವ್ವ. ಸದ್ದು ಮಾಡ್ಬ್ಯಾಡಿ, ದೊರೆಗಳು ಮಲಗವ್ರೆ" ಎಂದಳು.

ನಮ್ಮ ಕಡೆ ಜೀಪಿನಲ್ಲಿ ಬಂದವರನ್ನೆಲ್ಲ ಹಳಬರು ದೊರೆ ಎಂದೇ ಕರೆಯುತ್ತಿದ್ದರು. ಯಾರೋ ಸಾಹೇಬರು ಊಟ ಮಾಡಿ ಮರದಡಿ ಒರಗಿರಬೇಕು, ಮಟಮಟ ಮಧ್ಯಾಹ್ನ ಮಲಗುವ ಪುಣ್ಯವಂತರು ಎಂದು ಗೊಣಗಿ, ಚಪ್ಪಲಿ ಕೈಯಲ್ಲಿ ಹಿಡಿದು ಮೆಲ್ಲಗೆ ಒಳಹೊಕ್ಕೆ. ಕಲ್ಲಿನ ಕಂಬಗಳು, ಪುಟ್ಟ ಮಂಟಪಗಳು, ಸುತ್ತ ಲಂಟಾನ. ನಾನು ಕಂಡ ಸಮಾಧಿಗಳೆಲ್ಲ ಮಣ್ಣಿನ ಗುಡ್ಡೆಗಳು, ನನಗೆಲ್ಲಿ ಹೊಳೆಯಬೇಕು? ನೆರಳಲ್ಲಿ ಒಂದು ಚಪ್ಪಟೆ ಕಲ್ಲು ಸಿಕ್ಕಿತು. ಆರಾಮಾಗಿ ಕೂತು ಪ್ರಸಾದದ ಬಾಳೆಹಣ್ಣು ಸುಲಿದೆ.

ಹಿಂದೆಯೇ ಬಂದ ಗಂಡ ಕಲ್ಲಿನ ಮೇಲಿದ್ದ ಇಂಗ್ಲಿಷ್ ಅಕ್ಷರ ಓದತೊಡಗಿದರು. ಅರ್ಧಕ್ಕೇ ದನಿ ನಿಂತಿತು. ಏನಂತೆ ಎಂದೆ.

"ಎದ್ದೇಳು ಮೊದ್ಲು. ಅನ್ನೊಂದು ದಿನದ ಮಗೀನ ಗೋರಿ ಇದು."

ಮುದುಕಿ ಹೇಳಿದ ದೊರೆಗಳು ಅಲ್ಲಿ ಹೂತಿದ್ದ ಬ್ರಿಟಿಷರೆಂದು ಆಗ ತಿಳಿಯಿತು. ಜೀವ ಬಾಯಿಗೆ ಬಂತು. ಹಣ್ಣು ಎಲ್ಲಿ ಬಿತ್ತೋ, ಹೊಟ್ಟೆ ಹಿಡಿದುಕೊಂಡು ರಸ್ತೆಗೆ ಬಂದೆ. ಆಮೇಲೆ ಗಮನಿಸಿದೆ, ಹೊಟ್ಟೆಯಲ್ಲಿ ಅಲುಗಾಟವಿಲ್ಲ. ಬೆಳಗ್ಗೆ ಬಸ್ಸಿನಲ್ಲಿ ಒದ್ದಿದ್ದೇ ಒದ್ದಿದ್ದು, ಈಗ ಏನೂ ಇಲ್ಲ. ನಿದ್ದೆ ಮಾಡ್ತಿರಬೇಕು ಎಂದರು ಗಂಡ. ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು, ಬಾಯಿ ಮುಚ್ಚಿಕೊಂಡು ನಡೀರಿ ಎಂದೆ. ಹಿಂದಿನದೂ ಹೀಗೇ ಸುಮ್ಮನಾಗಿತ್ತು.

ಎಳನೀರು ಕುಡಿಸಿದರು, ಇಲ್ಲ. ಬಸ್ಸು ಕಿರಂಗೂರು ದಾಟಿತು, ಪಾಂಡವಪುರ ದಾಟಿತು, ಇಲ್ಲ. ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲು ನನಗೆ ಧೈರ್ಯವಿರಲಿಲ್ಲ. ಗಂಡನ ಮುಖವೂ ಬಿಳಿಚಿಕೊಂಡಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಮನೆ ತಲುಪಿದ್ದೇ ಅತ್ತೆಯೆದುರು ಎಲ್ಲ ಹೇಳಿಬಿಟ್ಟೆ. ಸಹಸ್ರನಾಮ ಶುರುವಾಗುತ್ತದೆ ಎಂದು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ತಾವು ದಿನಾ ಅಕ್ಕಿ ಆರಿಸುವ ನುಗ್ಗೆ ಮರದ ಬುಡದಲ್ಲಿ ಕೂರಿಸಿದರು.

"ನನ್ ಮೊದಲ್ನೇ ಮಗ ಇಲ್ಲೇ ಅವ್ನೆ ಕಣವ್ವ. ಒಂಬತ್ತು ದಿನ ಇದ್ದ. ಇಲ್ಲೇ ಕೂತ್ಕಂಡು ನಿನ್ ಗಂಡುನ್ನ ಒಟ್ಟೇಲಿ ಒತ್ತೆ. ದೊಡ್ಡೋರ ಗಾಳಿಗೆ ಎದರ್ಕಬೇಕು ಸರಿ, ಕೂಸಿಗ್ಯಾಕೆ ಎದರ್ಕಬೇಕು?"

ಮಾತು ಗಟ್ಟಿಯಾಗಿಯೇ ಇತ್ತು. ಬೆಲ್ಲದ ನೀರು ತಂದು ಕೈಗಿಟ್ಟು ಪಕ್ಕದಲ್ಲೇ ಕೂತರು. ಅರ್ಧ ಲೋಟ ಕುಡಿದಿರಬೇಕು, ಎಡಪಕ್ಕೆಗೆ ಒಂದು ಒದೆ ಬಿತ್ತು. ಹಿಂದೆಯೇ ಇನ್ನೊಂದು. ಅತ್ತೆಯ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡೆ. ಆ ಕೈ ನನ್ನ ಕೈಗಿಂತ ಜೋರಾಗಿ ನಡುಗುತ್ತಿತ್ತು.