ಮೈದುನನ ಪಂಪು, ನಮ್ಮ ಟೊಮೆಟೊ

ಜವಾರಿ ಟೊಮೆಟೊ ಸಾರಿಗೆ ಚೆಂದ, ಲಾರಿಗಲ್ಲ. ದೂರದ ಮಾರ್ಕೆಟ್ಟಿಗೆ ಕಳಿಸಬೇಕೆಂದರೆ ಗಟ್ಟಿ ಸಿಪ್ಪೆಯ ಹೈಬ್ರಿಡ್ ಹಣ್ಣೇ ಆಗಬೇಕು. ಇದನ್ನು ಮನೆಯಲ್ಲಿ ವರ್ಷವಿಡೀ ಹೇಳಿದೆ. ನಮ್ಮ ಯಜಮಾನರೋ, ಮೆಕ್ಕೆಜೋಳ ಬಿಟ್ಟು ಕದಲುವ ಆಸಾಮಿಯಲ್ಲ. ಕೊನೆಗೆ ನನ್ನ ಕಾಟ ತಾಳದೆ ಬೋರಿನ ಹತ್ತಿರದ ತುಂಡು ಹೊಲ ಬಿಟ್ಟುಕೊಟ್ಟರು.

"ಇದೊಂದು ಸಲ ನಿನ್ನ ಮಾತು. ಕೆಟ್ರ ಮತ್ತ ಹೊಲದ ಮಾತು ತಗೀಬ್ಯಾಡ," ಅಂದರು. ನಾನು ಜಂಬದಲ್ಲಿ ಹೂಂ ಅಂದೆ.

ಹಗರಿಬೊಮ್ಮನಹಳ್ಳಿ ಕಡೆಯ ನರ್ಸರಿಯಿಂದ ಸಸಿ ತಂದು, ಡ್ರಿಪ್ ಎಳೆದು, ಸಾಲು ಹಿಡಿದು ನೆಟ್ಟೆವು. ಬೇರು ಕಚ್ಚಿ ಮೇಲೆದ್ದ ಹೊತ್ತಿಗೆ ಹುಳಕ್ಕೆ ಎಣ್ಣೆ ಹೊಡೆಯುವ ಕೆಲಸ ಬಂತು. ನಮ್ಮಲ್ಲಿ ಬೆಳೆಗೆ ಹೊಡೆಯುವ ಔಷಧಿಗೆಲ್ಲ ಎಣ್ಣೆ ಎಂದೇ ಹೆಸರು. ಮನೆಯ ಎಣ್ಣೆ ಹೊಡೆಯುವ ಪಂಪು ಕೆಟ್ಟು ಕೂತಿದ್ದರಿಂದ ಯಜಮಾನರು ಪಕ್ಕದ ಹೊಲದ ತಮ್ಮನ, ಅಂದರೆ ನನ್ನ ಮೈದುನನ, ಪಂಪನ್ನು ಬೆನ್ನಿಗೇರಿಸಿಕೊಂಡು ಬಂದರು. ಪಂಪು ಒಬ್ಬರದು, ಬೆನ್ನು ಓಣಿಯವರೆಲ್ಲರದು, ಹಾಗೇ ನಡೆದುಬಂದಿದೆ. ತೊಳೆದಿದೆಯಾ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಬೀಗರ ಮನೆಯಲ್ಲಿ ಊಟಕ್ಕೆ ಕೂತು ತಟ್ಟೆ ತೊಳೆದಿದ್ದೀರಾ ಎಂದ ಹಾಗೆ.

ಕೆಲವೇ ದಿನಗಳಲ್ಲಿ ಬದುವಿನ ಕಡೆಯ ಗಿಡಗಳ ಎಲೆ ಸಣ್ಣಗಾಗಿ ತಿರುಚಿಕೊಂಡವು.

"ಮುಟುರು ರೋಗ. ಬಿಳಿ ನೊಣ ತಂದೈತಿ, ಇದಕ್ಕ ಔಷಧಿಲ್ಲ," ಅಂದರು ಯಜಮಾನರು. "ನಾಳೆ ಆಳು ಹಚ್ಚಿ ಎಲ್ಲಾ ಕೀಳಸೂಣು. ನೆಲ ಇನ್ನೂ ಹಸಿ ಐತಿ, ಮೆಕ್ಕಿಜ್ವಾಳ ಬಿತ್ತಿದ್ರಾತು."

ಆ ದುಃಖದ ಮಾತಿನ ತಳದಲ್ಲಿ ಒಂದಿಷ್ಟು ನೆಮ್ಮದಿಯೂ ಇದ್ದಂತೆ ಕೇಳಿಸಿ ಮೈ ಉರಿಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಗೊಣಗುತ್ತ ಹೊಲ ಸುತ್ತಿದೆ. ಸುತ್ತುವಾಗಲೇ ಕಂಡಿತು. ಮೊದಲ ಪಂಪು ತುಂಬಿ ಹೊಡೆದ ಸಾಲುಗಳು ಪೂರ್ತಿ ತಿರುಚಿದ್ದವು. ಎರಡನೇ ಸಲ ತುಂಬಿದ ಪಂಪಿನವು ಅಲ್ಲಲ್ಲಿ. ಆಮೇಲಿನ ಸಾಲುಗಳಿಗೆ ಏನೂ ಆಗಿರಲಿಲ್ಲ. ಬಿಳಿ ನೊಣಕ್ಕೆ ಸಾಲು ಎಣಿಸಿ ಕೂರುವಷ್ಟು ಶಿಸ್ತು ಎಲ್ಲಿಂದ ಬರಬೇಕು?

ನೆಟ್ಟಗೆ ಮೈದುನನ ಮನೆಗೆ ಹೋದೆ. ಉಣ್ಣಲು ಕೂತಿದ್ದ.

"ನಮಗ ಕೊಡಾಕಿಂತ ಮೊದ್ಲು ಪಂಪಿನ್ಯಾಗ ಏನು ಹೊಡದಿದ್ದೆಪ್ಪಾ?"

ಅವನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. "ಮೆಕ್ಕಿಜ್ವಾಳದಾಗಿನ ಕಸಕ್ಕ ಎಣ್ಣಿ ಹೊಡದಿದ್ದೆ ಅತ್ತಿಗಿ. ಒಂದೀಟು ನೀರು ಆಡಿಸಿ ಇಟ್ಟಿದ್ದೆ."

ಕಳೆ ಸಾಯಿಸುವ ಔಷಧಿಯ ಉಳಿಕೆ ನಮ್ಮ ಸಸಿಗಳಿಗೆ ಬಡಿದಿತ್ತು. ಅವನನ್ನು ಬೈಯಬೇಕಿತ್ತು, ಆದರೆ ನನಗೆ ಖುಷಿಯೇ ಮೊದಲು ಬಂತು. ರೋಗವಾದರೆ ಹೊಲವೆಲ್ಲ ಹಬ್ಬುತ್ತದೆ, ಇದು ಹಬ್ಬುವುದಿಲ್ಲ. ಬೈಗುಳ ಆಮೇಲೆ ಕೊಟ್ಟೆ, ಕಡಿಮೆಯೇನೂ ಮಾಡಲಿಲ್ಲ.

ಮನೆಗೆ ಬಂದು ಯಜಮಾನರಿಗೆ ಪಂಪಿನ ಕಥೆ ತಿಳಿಸಿ, ಕಡ್ಡಿ ಮುರಿದಂತೆ ಹೇಳಿದೆ: "ಹೊಸ ಚಿಗುರು ಬರೂಮಟ ಒಂದು ಗಿಡಾನೂ ಕೀಳಬ್ಯಾಡ್ರಿ. ಚಿಗುರೂ ತಿರುಚಿದ್ರ ನಾನ ಕೀಳ್ತೀನಿ." ಆಳುಗಳಿಗೆ ಬರಬೇಡಿರೆಂದು ನಾನೇ ಹೋಗಿ ಹೇಳಿ ಬಂದೆ.

ಹೇಳಿದ್ದೇನೋ ಹೇಳಿದೆ, ಒಳಗೊಳಗೇ ಪುಕುಪುಕು. ಔಷಧಿ ಬೇರಿಗೇ ಇಳಿದಿದ್ದರೆ? ಹೊಲಕ್ಕೆ ಹೋದರೂ ಆ ಸಾಲುಗಳ ಕಡೆ ಮುಖ ಮಾಡಲು ಧೈರ್ಯವಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಯಜಮಾನರು ಹೊಲದಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಚಿಗುರು ನೆಟ್ಟಗ ಬಂದಾವು," ಅಂದರು.

ಹಿಟ್ಟಿನ ಕೈಯಲ್ಲೇ ಓಡಿದೆ. ತಿರುಚಿದ ಎಲೆಗಳ ಮೇಲೆ ಅಗಲವಾದ, ಸಪಾಟಾದ ಹೊಸ ಎಲೆಗಳಿದ್ದವು. ಸಾಲು ಸಾಲು ಮುಟ್ಟಿ ನೋಡಿದೆ. ಹೋದ ಜೀವ ಬಂದಂತಾಗಿ, ಬದುವಿನ ಮೇಲೆ ಕೂತು ಅತ್ತುಬಿಟ್ಟೆ.

ಹಿಂದೆಯೇ ಬಂದ ಯಜಮಾನರು ಆ ಕಡೆ ಈ ಕಡೆ ನೋಡಿದರು.

"ಗಿಡಕ್ಕ ಆಸರಕ್ಕ ಕೋಲು ಕೊಡಬೇಕಲ್ಲ. ಎಷ್ಟು ತರ್ಲಿ? ನೀನ ಹೇಳು."

ಮದುವೆಯಾದಾಗಿನಿಂದ ಹೊಲದ ವಿಷಯಕ್ಕೆ ಅವರು ನನ್ನನ್ನು ಕೇಳಿದ್ದು ಅದೇ ಮೊದಲು. ಸೆರಗಿನಲ್ಲಿ ಮೂಗೊರೆಸಿಕೊಂಡು ಹೇಳಿದೆ:

"ಈ ಕೆಟ್ಟ ಸಾಲಿಗೂ ಸೇರಿಸಿ ತರ್ರಿ."