ಗೋಕಾಕದಾಗ ಆರಿಸಿದ ವಾಕಿಟಾಕಿ

ನಮ್ಮ ಮೂರು ಕಾರಿನ ಪ್ರವಾಸ ಗೋಕಾಕದ ಒಂದು ಅಂಗಡಿ ಮುಂದ ನಿಂತಿತ್ತು. ದಾರ್ಯಾಗ ಒಬ್ಬರಿಗೊಬ್ಬರು ಮಾತಾಡಾಕ ವಾಕಿಟಾಕಿ ಬೇಕಿತ್ತು. ಪರೀಕ್ಷಾ ಮಾಡಾಕಂತ ನಾನು ರಸ್ತೆದ ಈ ತುದಿಗೆ, ಗೆಳೆಯ ಜಿನ್ನಪ್ಪ ಆ ತುದಿಗೆ ಹೋಗಿ ನಿಂತ್ವಿ. ಮೂರನೇ ಸೆಟ್ ಅಂಗಡ್ಯಾಗ ನನ್ನ ಹೆಂಡತಿ ಕೈಯಾಗ ಇತ್ತು. ಗಂಡನ ಹೆಸರು ಹಿಡಿದು ಕರಿಯಾಕಿ ಅಲ್ಲ ಆಕಿ.

“ರೀ, ಕೇಳಸ್ತೈತೇನ್ರಿ?” ಅಂದ್ಳು.

ನಾ ಗುಂಡಿ ಒತ್ತೂದರಾಗ ಜಿನ್ನಪ್ಪ ಓಗೊಟ್ಟ. “ಹಾಡು ಕೇಳಿದಂಗ ಐತ್ರಿ, ವೈನಿ.”

ಆಕಿ ನಕ್ಳು. ಆ ನಗೂನೂ ಸ್ವಚ್ಛ ಕೇಳಿತು. ನನ್ನ ಮಾತಿಗೆ ಆಕಿ ಹಂಗ ನಕ್ಕು ಎಷ್ಟು ದಿನ ಆತೋ ಏನೋ.

ಅಂಗಡಿಯವರು ಇನ್ನೊಂದು ನಮೂನಿ ಸೆಟ್ ಕೊಟ್ರು. ಅದರಾಗ ಬಾಜೂಕ ನಿಂತವರ ಮಾತೂ ಬರೇ ಗೊರಗೊರ.

ಅದನ್ನ ಎತ್ತಿ ಹಿಡಿದು, “ಇದನ್ನ ಕೊಡ್ರಿ,” ಅಂದೆ.