ಬಾಗಿಲಿಗಿಂತ ದೊಡ್ಡ ಮೇಜು

ಶಹಾಪುರದಲ್ಲಿ ನಾವು ಕಟ್ಟಿಸಿದ ಮನೆಗೆ ಎರಡು ಖೋಲಿ, ಒಂದು ಅಡುಗೆಮನೆ. ಕಾಲ ಕೆಳಗೂ ಫರಸಿ ಕಲ್ಲು, ತಲೆಯ ಮೇಲೂ ಫರಸಿ ಕಲ್ಲು. ಗೋಡೆಗೆ ಸುಣ್ಣ ಹೊಡೆಸುವಷ್ಟರಲ್ಲಿ ಕೈಯಲ್ಲಿದ್ದದ್ದೆಲ್ಲ ಮುಗಿದಿತ್ತು. ನಾನು ದೋರನಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ನಮ್ಮವರು ಊರಲ್ಲೇ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಬಾಡಿಗೆಯ ಒಂದೇ ಖೋಲಿಯಿಂದ ಇಲ್ಲಿಗೆ ಬಂದ ದಿನ ನಮ್ಮ ಸಾಮಾನೆಲ್ಲ ಒಂದು ಮೂಲೆಯಲ್ಲಿ ಕೂತುಬಿಟ್ಟಿತು: ಒಂದು ಟ್ರಂಕು, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಚಾಪೆ, ಸ್ಟೋವು, ನಾಲ್ಕು ಪಾತ್ರೆ. ಗೋಡೆಯ ಮೇಲೆ ಬುದ್ಧನ ಪಟ ಒಂದೇ. ಕೆಮ್ಮಿದರೆ ಗೋಡೆಗಳು ತಿರುಗಿ ಕೆಮ್ಮುತ್ತಿದ್ದವು.

"ಇನ್ಕ್ರಿಮೆಂಟ್ ಬರಲಿ. ಒಂದೊಂದ ತರೋಣು," ಎನ್ನುತ್ತಿದ್ದರು ನಮ್ಮವರು.

ನನಗೆ ಅಷ್ಟು ತಡೆಯುವ ಶಕ್ತಿ ಇರಲಿಲ್ಲ. ನಾನು ಹುಟ್ಟಿದ ಮನೆಯಲ್ಲಿ ಒಂದು ಗೋಡೆ ಪಕ್ಕದವರದು, ಇನ್ನೊಂದು ದನದ ಕೊಟ್ಟಿಗೆಯದು. ಈಗ ನಾಲ್ಕೂ ಗೋಡೆ ನನ್ನವೇ. ಶಾಲೆಯಿಂದ ಬಂದವಳು ಚಹಾ ಕಪ್ಪು ಹಿಡಿದು ಒಂದು ಖೋಲಿಯಿಂದ ಇನ್ನೊಂದಕ್ಕೆ ಸುಮ್ಮನೆ ತಿರುಗಾಡುತ್ತಿದ್ದೆ. ಇಲ್ಲಿ ಏನಿಡಲಿ, ಅಲ್ಲಿ ಏನು ತೂಗುಹಾಕಲಿ ಎಂದು ಗಾಳಿಯಲ್ಲೇ ಮನೆ ತುಂಬಿಸುತ್ತಿದ್ದೆ.

ಆಗ ನಮ್ಮ ಸೀಮೆಯ ಕಾಲುವೆಗೆ ನೀರು ಬಂದು ವರ್ಷಗಳಾಗಿದ್ದವು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೆಲ್ಲು ನಿಂತಿತ್ತು. ಅಗೆಯುವ ಕೆಲಸ ಮುಗಿದದ್ದರಿಂದ ಕಾಲುವೆ ಕ್ಯಾಂಪಿನ ಇಂಜಿನಿಯರ್ ಸಾಹೇಬರು ಒಬ್ಬೊಬ್ಬರಾಗಿ ವರ್ಗವಾಗಿ ಹೋಗಿದ್ದರು. ಖಾಲಿಯಾದ ಒಂದು ಕಚೇರಿಯ ಹಳೆಯ ಸಾಮಾನನ್ನು ಲಿಲಾವಿಗೆ, ಎಂದರೆ ಹರಾಜಿಗೆ, ಹಾಕುತ್ತಾರೆ, ಯಾರು ಬೇಕಾದರೂ ಕೂಗಬಹುದು ಎಂಬ ಸುದ್ದಿಯನ್ನು ನಮ್ಮವರೇ ತಂದರು. ತಂದು ಪಶ್ಚಾತ್ತಾಪಪಟ್ಟರು, ಏಕೆಂದರೆ ನಾನು ಆಗಲೇ ಸೀರೆ ಬದಲಿಸುತ್ತಿದ್ದೆ.

ಬೇವಿನ ಮರಗಳ ಕೆಳಗೆ ಸಾಮಾನು ಹರಡಿದ್ದರು. ಬೆತ್ತ ಹರಿದ ಕುರ್ಚಿಗಳು, ತುಕ್ಕು ಹಿಡಿದ ಅಲಮಾರಿಗಳು, ರೆಕ್ಕೆ ಬಾಗಿದ ಫ್ಯಾನುಗಳು. ಬಂದವರೆಲ್ಲ ಹೋಟೆಲಿನವರು, ಗುತ್ತೇದಾರರು, ಗುಜರಿಯವರು. ಹೆಣ್ಣುಮಗಳು ನಾನೊಬ್ಬಳೇ. ಕುರ್ಚಿ, ಫ್ಯಾನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋದವು. ನಾನು ಬಾಯಿ ತೆಗೆಯುವ ಮೊದಲೇ ಇನ್ನೊಬ್ಬರು ಕೂಗಿಬಿಡುತ್ತಿದ್ದರು. ಕೊನೆಗೆ ಉಳಿದದ್ದು ಒಂದು ಮೇಜು.

ಅದನ್ನು ಮೇಜು ಎನ್ನಲು ಬಾಯಿ ಬರುವುದಿಲ್ಲ. ಏಳಡಿ ಉದ್ದ, ಐದಡಿ ಅಗಲ, ನನ್ನ ಸೊಂಟದಷ್ಟು ಎತ್ತರ. ಸಾಗವಾನಿಯದು. ನಕಾಶೆಗಳನ್ನು ಮಡಚದೆ ಇಡಲೆಂದು ಕೆಳಗೆ ಅಗಲವಾದ ಮೂರು ಖಾನೆ. ಮೇಲೆಲ್ಲ ಶಾಯಿಯ ಕಲೆ, ಚಹಾ ಕಪ್ಪಿನ ಉಂಗುರಗಳು. ಯಾರೂ ಕೂಗಲಿಲ್ಲ. ನಾನು ಕೈ ಎತ್ತಿದೆ. ನಮ್ಮವರು ಆ ಕೈಯನ್ನು ಕೆಳಗೆ ಜಗ್ಗಿದರು. ನಾನು ಇನ್ನೊಂದು ಕೈ ಎತ್ತಿದೆ.

"ಅಕ್ಕೋರಿಗೆ ಆಯ್ತು!" ಎಂದು ಕೂಗುವವನು ಕೂಗಿದ. ಗುಂಪು ನಕ್ಕಿತು. ಹೊಸ ಕುರ್ಚಿ ಒಂದರ ಬೆಲೆಗೆ ಸಾಗವಾನಿ ಮೇಜು! ನನಗೆ ಅಲ್ಲೇ ಕುಣಿಯಬೇಕೆನಿಸಿತ್ತು.

ಟ್ರ್ಯಾಕ್ಟರಿನಲ್ಲಿ ಮನೆಯ ಮುಂದೆ ಬಂದಿಳಿಯಿತು. ಆರು ಮಂದಿ ಎತ್ತಿ ಬಾಗಿಲಿಗೆ ತಂದರು. ನಮ್ಮ ಬಾಗಿಲು ಎರಡೂವರೆ ಅಡಿ, ಉಳಿತಾಯದ ಬಾಗಿಲು. ನೇರ ಹಿಡಿದರು, ಹೋಗಲಿಲ್ಲ. ಅಡ್ಡ ಮಲಗಿಸಿದರು, ಹೋಗಲಿಲ್ಲ. ಕಾಲು ಮೊದಲು ತೂರಿಸಿದರೆ ಖಾನೆಗಳು ಚೌಕಟ್ಟಿಗೆ ಬಡಿದವು. ಬಡಿಗ್ಯಾರ ಮುದುಕನನ್ನು ಕರೆಸಿದೆವು. ಅವನು ಕೆಳಗೆ ತೂರಿ ಮಲಗಿ, ಕೀಲುಗಳನ್ನೆಲ್ಲ ಬೆರಳಿಂದ ತಟ್ಟಿ ನೋಡಿ ಹೊರಗೆ ಬಂದ.

"ಕೊಯ್ಯಬಹುದ್ರಿ. ಆದ್ರ ನಾ ಕೊಯ್ಯಂಗಿಲ್ಲ," ಎಂದ. "ಇಂಥಾ ಕೆಲಸ ಮಾಡಿದವ್ನ ಕೈಗೆ ನಾ ಗರಗಸ ಇಟ್ಟಂಗ ಆಗ್ತದ."

ಹಾಗಾಗಿ ಮೇಜು ಅಂಗಳದಲ್ಲೇ ಉಳಿಯಿತು. ಬಾಜೂ ಮನೆಯವರು ಕುರಿ, ಆಡು ಸಾಕುವವರು. ಮರುದಿನ ಬೆಳಿಗ್ಗೆ ನೋಡಿದರೆ ಮೇಜಿನ ಮೇಲೆ ಮೂರು ಆಡು ನಿಂತು ನಮ್ಮ ನುಗ್ಗೆ ಗಿಡ ಮೇಯುತ್ತಿದ್ದವು. ಆ ಮನೆಯ ಹೆಣ್ಣುಮಗಳು ಬೇಲಿಯಾಚೆಯಿಂದ ನಗುತ್ತ ಕೇಳಿದಳು: "ಅಕ್ಕೋರ, ಆಡಿಗೆ ಸ್ಟೇಜ್ ಕಟ್ಟಿಸೀರಲ್ರಿ, ನಾಟಕ ಯಾವಾಗರಿ?"

ನಾನೂ ನಕ್ಕೆ. ನಮ್ಮವರು ನಗಲಿಲ್ಲ.

ಮನೆಯ ಗೋಡೆ ಕಟ್ಟಿದ ಗೌಂಡಿ ಬಂದು ನೋಡಿ ಒಂದೇ ದಾರಿ ಹೇಳಿದ. ಚೌಕಟ್ಟು ಕಿತ್ತು ಗೋಡೆ ಅಗಲ ಮಾಡಬೇಕು, ದೊಡ್ಡ ಬಾಗಿಲು ಕೂಡಿಸಬೇಕು.

"ಒಂದು ಟೇಬಲ್ ಸಲುವಾಗಿ ಹೊಸಾ ಮನಿ ಒಡೀತಿಯೇನು?" ಎಂದರು ನಮ್ಮವರು.

"ಒಡ್ಯಾಂಗಿಲ್ಲರಿ, ಅಗಲ ಮಾಡ್ತೀನಿ," ಎಂದೆ.

ಅಂದು ರೊಟ್ಟಿಗೆ ಚಟ್ನಿ ಬೇಕಾದರೂ ಅವರು ನನ್ನನ್ನು ಕೇಳದೆ ತಾವೇ ಎದ್ದು ಹಾಕಿಕೊಂಡರು. ಆದರೆ ಮರುದಿನ ಕಚೇರಿಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಹೇಳಿದರು: "ಸುರಪುರದಾಗ ಒಂದು ಹಳೀ ಮನಿ ಕೆಡವಾಕತ್ತಾರಂತ. ಬಾಗಲಾ ಎಲ್ಲಾ ತಗದು ಗ್ವಾಡಿಗೆ ಆನಿಸ್ಯಾರಂತ. ಐತವಾರ ಹೋಗಿ ಬರೋಣೇನು?" ಕಚೇರಿಯಿಂದ ಬರುವ ದಾರಿಯುದ್ದಕ್ಕೂ ಆಡು ಮೇಜು ಹತ್ತುವುದನ್ನು ನೆನೆದು ತಮಗೂ ನಗು ಬಂತೆಂದು ಆಮೇಲೆ ಒಪ್ಪಿಕೊಂಡರು.

ಭಾನುವಾರ ಮೊದಲ ಬಸ್ಸು ಹಿಡಿದೆವು. ಸುರಪುರದ ಏರು ಓಣಿಯಲ್ಲಿ ಆ ಮನೆ ಅರ್ಧ ಬಿದ್ದಿತ್ತು, ಅರ್ಧ ನಿಂತಿತ್ತು. ಮನೆಯೊಡತಿ ಎಪ್ಪತ್ತರ ಆಸುಪಾಸಿನ ಅಜ್ಜಿ. ಧೂಳಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತು, ಕೆಡವುವವರಿಗೆ ಕೈ ತೋರಿಸಿ ಕೆಲಸ ಹೇಳುತ್ತಿದ್ದರು. ಅಳುತ್ತಿರಬಹುದು ಎಂದುಕೊಂಡು ಹೋದವಳಿಗೆ ಆಶ್ಚರ್ಯ ಕಾದಿತ್ತು. ಅಜ್ಜಿಗೆ ಹಿಗ್ಗೋ ಹಿಗ್ಗು.

"ಐವತ್ತು ವರ್ಷ ಈ ಮನ್ಯಾಗ ಕತ್ತಲದಾಗ ಅಡಗಿ ಮಾಡೀನಿ," ಎಂದರು. "ಈಗ ಸಿಮೆಂಟಿನ ಮನಿ ಬರ್ತದ. ನಳ ಒಳಗ, ಟ್ಯೂಬ್ ಲೈಟು, ಟೈಲ್ಸು! ನೀ ಯಾಕ ಈ ಹಳೀ ಕಟಗಿಗೆ ಗಂಟು ಬಿದ್ದಿ?"

ಆ ಹಳೇ ಕಟ್ಟಿಗೆ ಗೋಡೆಗೆ ಆನಿಸಿ ನಿಂತಿತ್ತು. ಎರಡು ಕದದ ಬಾಗಿಲು, ಚೌಕಟ್ಟಿನ ಸಮೇತ ನಾಲ್ಕಡಿಗೂ ಅಗಲ. ನಡುವೆ ಹಿತ್ತಾಳೆಯ ಎರಡು ಬಳೆ, ನೆತ್ತಿಯ ಪಟ್ಟಿಯಲ್ಲಿ ಕೆತ್ತಿದ ಕಮಲ. ಎಷ್ಟೋ ಸಲ ಹಚ್ಚಿದ ನೀಲಿ ಬಣ್ಣ ದಪ್ಪಗೆ ಕೂತು ಕಮಲದ ಎಸಳುಗಳು ಮುಚ್ಚಿಹೋಗಿದ್ದವು. ಅದರ ಮೇಲೆ ಕೈಯಾಡಿಸಿದೆ. ನಮ್ಮವರ ಕಡೆ ನೋಡಿದೆ. ಅವರು ಆಗಲೇ ಮೊಳದಿಂದ ಅಳೆಯುತ್ತಿದ್ದರು.

ಅಜ್ಜಿ ನನ್ನನ್ನು ಹತ್ತಿರ ಕರೆದರು. "ಖರೇ ಹೇಳು. ಬಾಗಲಾ ಮಾಡಾಕ ಒಯ್ಯಾಕತ್ತೀಯೋ, ಕೊಯ್ಯಾಕ ಒಯ್ಯಾಕತ್ತೀಯೋ? ನಿನ್ನೆ ಒಬ್ಬವ ಬಂದಿದ್ದ, ಹೋಟೆಲಿಗೆ ಬೆಂಚು ಮಾಡ್ತೀನಿ ಅಂದ. ಹಚಾ ಅಂದು ಕಳಿಸೀನಿ."

"ಟೇಬಲ್ ಒಳಗ ಹೋಗಾಕ ಬೇಕಾಗ್ಯಾದ್ರಿ," ಎಂದೆ.

ಅಜ್ಜಿಗೆ ತಿಳಿಯಲಿಲ್ಲ. ಲಿಲಾವಿನಿಂದ ಹಿಡಿದು ಆಡಿನವರೆಗೆ ಎಲ್ಲ ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಬಾಗಲಾ ನೋಡಿ ಸಾಮಾನು ತರ್ತಾರ ಮಂದಿ. ನೀ ಸಾಮಾನು ನೋಡಿ ಬಾಗಲಾ ತರಾಕತ್ತಿ!" ಎಂದವರು, ಕೆಲಸದವರಿಗೆ ಕೂಗಿ ಹೇಳಿ ಒಳಗಿನಿಂದ ಒಂದು ಕಿಟಕಿ ತರಿಸಿದರು. ಕೆಂಪು, ಹಸಿರು, ಹಳದಿ ಗಾಜಿನ ಚೌಕಗಳು, ನಡುವೆ ಎರಡು ಒಡೆದಿದ್ದವು. "ಇದು ನನ್ನ ಕಡೀಂದ. ಗಂಡನ ಮನಿಗೆ ಹೋಗೋ ಹೆಣ್ಣಿನ ಸಂಗಡ ಜೋಡಿ ಕಳಸಬೇಕಲ್ಲ," ಎಂದರು.

ಶಹಾಪುರಕ್ಕೆ ನೆಲ್ಲಿನ ಹೊಟ್ಟು ಒಯ್ಯುತ್ತಿದ್ದ ಲಾರಿ ಸಿಕ್ಕಿತು. ಬಾಗಿಲನ್ನು ಹೊಟ್ಟಿನ ಮೇಲೆ ಮಲಗಿಸಿ, ಗಾಜಿನ ಕಿಟಕಿಯನ್ನು ಹೊಟ್ಟಿನೊಳಗೆ ಹುಗಿದು, ನಾವಿಬ್ಬರೂ ಮೇಲೆಯೇ ಕೂತೆವು. ಮನೆ ಮುಟ್ಟುವಾಗ ನಮ್ಮ ತಲೆ, ಹುಬ್ಬು, ರೆಪ್ಪೆ ಎಲ್ಲ ಹೊಟ್ಟು. ಮದುವೆಯಾದ ಮೇಲೆ ಗಂಡ ಹೆಂಡತಿ ಅಷ್ಟು ನಕ್ಕದ್ದು ಅದೇ ಮೊದಲು.

ಆಮೇಲೆ ಹುಚ್ಚು ಹಿಡಿದದ್ದು ಅವರಿಗೆ. ದಿನಾ ಸಂಜೆ ಕಚೇರಿಯಿಂದ ಬಂದು, ಲುಂಗಿ ಉಟ್ಟು, ಒಡೆದ ಗಾಜಿನ ಚೂರಿನಿಂದ ಬಾಗಿಲಿನ ಬಣ್ಣ ಹೆರೆಯುತ್ತ ಕೂಡುತ್ತಿದ್ದರು. ನೀಲಿಯ ಕೆಳಗೆ ಹಸಿರು ಬಂತು, ಹಸಿರಿನ ಕೆಳಗೆ ಕೆಮ್ಮಣ್ಣಿನ ಬಣ್ಣ. ಒಂದು ಸಂಜೆ "ಬಾ ಇಲ್ಲಿ, ಜಲ್ದಿ ಬಾ!" ಎಂದು ಕೂಗಿದರು. ಹಾಲು ಒಲೆಯ ಮೇಲೆ ಬಿಟ್ಟು ಓಡಿದೆ. ಕಮಲದ ನಡುವೆ ಒಂದು ಸಣ್ಣ ಗಿಳಿ ಕೂತಿತ್ತು. ಕಡ್ಲೆಕಾಳಿಗಿಂತ ಸಣ್ಣ ಕೊಕ್ಕು. ಹಾಲು ಉಕ್ಕಿತು, ಯಾರೂ ನೋಡಲಿಲ್ಲ.

ರಜೆಯ ದಿನ ಗೋಡೆ ಒಡೆಸಿದೆವು. ಚೌಕಟ್ಟು ನಿಂತು ಸಿಮೆಂಟು ಒಣಗಿದ ಮೇಲೆ ಮತ್ತೆ ಆರು ಮಂದಿ ಬಂದರು, ಬೇಲಿಯಾಚೆಯವರೂ ಬಂದರು. "ಎತ್ತರಿ... ಬಾಜೂ ಹೊಳ್ಳಸರಿ... ಹಾಂ, ಬಿಡಬ್ಯಾಡ್ರಿ!" ಎಲ್ಲ ಹೋಯಿತು, ಕೊನೆಯಲ್ಲಿ ಅರ್ಧ ಇಂಚಿಗೆ ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ. ಬಡಿಗ್ಯಾರ ಮುದುಕ ಬಗ್ಗಿ ನೋಡಿ, ಒಂದು ಕದವನ್ನು ತಿರುಗಣಿಯಿಂದ ಎತ್ತಿ ಪಕ್ಕಕ್ಕಿಟ್ಟ. ಮೇಜು ಸರ್ರನೆ ಒಳಗೆ ಹೋಯಿತು. ಮಂದಿ ಚಪ್ಪಾಳೆ ಹೊಡೆದರು. ಕಿಟಕಿಯನ್ನು ಮೂಡಣ ಗೋಡೆಗೆ ಕೂಡಿಸಿದ್ದೆವು. ಮರುದಿನ ಬೆಳಿಗ್ಗೆ ಬಿಳಿ ಗೋಡೆಯ ಮೇಲೆ ಕೆಂಪು, ಹಸಿರು ಚೌಕಗಳು ಬಿದ್ದವು. ನಾನು ಶಾಲೆಗೆ ತಡವಾಗಿ ಹೋದೆ.

ಮೇಜಿನ ಕೆಳಗಿನ ಖಾನೆ ಮಾತ್ರ ಬಿಗಿದು ಕೂತಿತ್ತು. ಬಡಿಗ್ಯಾರ ಅದನ್ನು ಹೆರೆದು ಎಳೆದಾಗ, ಹಿಂದೆ ಸಿಕ್ಕಿಕೊಂಡಿದ್ದ ಒಂದು ಹಾಳೆ ಹೊರಗೆ ಬಂತು. ಅಂಚು ಹರಿದ ಹಳೆಯ ನಕಾಶೆ. ಅದರಲ್ಲಿ ಕಾಲುವೆಯ ಗೆರೆ, ಹಳ್ಳಗಳು, ಊರಿನ ಹೆಸರುಗಳು. ಕೆಂಭಾವಿ ಕಡೆಯ ನನ್ನ ತವರೂರೂ ಇತ್ತು.

ಆ ವಾರವೇ ಅವ್ವ ಬಂದಳು. ಹೊಸ ಬಾಗಿಲು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಒಳಗೆ ಬಂದು ಮೇಜು ಕಂಡವಳೇ ಅಲ್ಲೇ ನಿಂತುಬಿಟ್ಟಳು.

"ಯವ್ವಾ, ಇದು ಸಾಹೇಬ್ರ ಟೇಬಲ್ ಅಲ್ಲೇನ?"

ಅವ್ವ ಕಾಲುವೆ ಅಗೆದವಳು. ನಾನು ಹುಟ್ಟುವ ಮೊದಲೂ, ಹುಟ್ಟಿದ ಮೇಲೂ, ವರ್ಷಗಟ್ಟಲೆ ಮಣ್ಣಿನ ಬುಟ್ಟಿ ಹೊತ್ತವಳು. "ಹಾಜರಿ ಕೂಗುವಾಗ ಬಾಗಲದಾಗ ನಿಂತು ನೋಡ್ತಿದ್ವಿ," ಎಂದಳು. "ಇಂಥಾದರ ಮ್ಯಾಲ ಕಾಗದ ಹಾಸಿ, ಸುತ್ತ ನಿಂತು ಬೆರಳು ಇಟ್ಟು ಮಾತಾಡೋರು. ಒಳಗ ಯಾರನ್ನೂ ಬಿಡ್ತಿರಲಿಲ್ಲ."

ಕುರ್ಚಿ ಕೊಟ್ಟರೆ ಕೂಡಲಿಲ್ಲ. ಸೆರಗಿನಿಂದ ಮೇಜಿನ ಒಂದು ಮೂಲೆ ಒರೆಸಿದಳು, ಅಷ್ಟೇ. ಆಗ ನಮ್ಮವರು ಆ ನಕಾಶೆ ತಂದು ಮೇಜಿನ ಮೇಲೆ ಹಾಸಿದರು. "ಅತ್ತಿ, ಬರ್ರಿ ಇಲ್ಲಿ. ಇದು ನಿಮ್ಮೂರು. ಇದು ಹಳ್ಳ. ಇದು ನೋಡ್ರಿ, ಕಾಲುವಿ."

ಅವ್ವನಿಗೆ ಓದಲು ಬರುವುದಿಲ್ಲ. ಆದರೆ ಹಳ್ಳದಿಂದ ಶುರು ಮಾಡಿ ಗೆರೆಯ ಮೇಲೆ ಬೆರಳಿಟ್ಟು ನಡೆಯತೊಡಗಿದಳು. "ಇಲ್ಲಿ ಕರೀ ಮಣ್ಣು. ಇಲ್ಲಿ ಗರಸು. ಇಲ್ಲಿ ಜಾಲಿ ಗಿಡಕ್ಕ ನಿನ್ನ ಜೋಳಿಗಿ ಕಟ್ಟಿದ್ದೆ, ಇರುವಿ ಹತ್ತಿ ಅತ್ತಿದ್ದಿ..." ಬೆರಳು ಮುಂದೆ ಹೋಗಿ ಗಕ್ಕನೆ ನಿಂತಿತು.

"ಇದು ತಪ್ಪದ," ಎಂದಳು.

"ಏನು ತಪ್ಪು ಅತ್ತಿ?"

"ಇಲ್ಲಿ ನೆಟ್ಟಗ ಬರ್ದಾರ. ಕಾಲುವಿ ಇಲ್ಲಿ ನೆಟ್ಟಗ ಇಲ್ಲ. ದೊಡ್ಡ ಬಂಡಿಗಲ್ಲು ಹತ್ತಿತ್ತು. ಎಷ್ಟು ದಿನ ಹೊಡದ್ರೂ ಒಡೀಲಿಲ್ಲ. ಸಾಹೇಬ್ರು ಬಂದು ನೋಡಿ, ಬಳಸಿ ಒಯ್ಯಿರಿ ಅಂದ್ರು. ಇಲ್ಲಿಂದ ಹಿಂಗ ಹೋಗ್ಯಾದ." ಬೆರಳಿನಿಂದ ಬಾಗು ತೋರಿಸಿದಳು. ನಾನು ಸಣ್ಣವಳಿದ್ದಾಗ ಈಜು ಕಲಿತ ಬಾಗು ಅದು. ಅವ್ವ ಹೇಳಿದ್ದು ನಿಜ.

ನಮ್ಮವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅವ್ವನ ಕೈಗೆ ಕೊಟ್ಟರು. "ನೀವ ಬರೀರಿ."

"ಹುಚ್ಚೇನು ಅಳ್ಯಾರ? ಸರಕಾರದ ಕಾಗದ!"

"ಸರಕಾರ ಬಿಟ್ಟು ಹೋಗ್ಯಾದ್ರಿ ಅತ್ತಿ. ತಪ್ಪಿದ್ದಲ್ಲಿ ತಿದ್ದರಿ."

ಅವ್ವ ಪೆನ್ಸಿಲನ್ನು ಕಳೆ ತೆಗೆಯುವ ಕುರ್ಪಿ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದಳು. ನಾನು ಶಾಲೆಯಲ್ಲಿ ನೂರಾರು ಮಕ್ಕಳ ಕೈ ಹಿಡಿದು ಬರೆಸಿದವಳು. ಆಗ ಅವಳ ಕೈ ಹಿಡಿಯಲು ಹೋದೆ. ತಳ್ಳಿಬಿಟ್ಟಳು. ನಾಲಿಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು, ಬಂಡೆ ಬಳಸಿ ಹೋಗುವ ಒಂದು ದಪ್ಪ ಗೆರೆ ಎಳೆದಳು. ಎಳೆದು ಮುಗಿಸಿ ನಮ್ಮಿಬ್ಬರ ಮುಖ ನೋಡಿದಳು. ಆ ನಗು ನಾನು ಅವಳಲ್ಲಿ ಅಲ್ಲಿಯವರೆಗೆ ಕಂಡಿರಲಿಲ್ಲ. ಆಮೇಲೆ ತಾನೇ ಕುರ್ಚಿ ಎಳೆದುಕೊಂಡು ಮೇಜಿಗೆ ಕೂತು, "ಚಹಾ ಮಾಡು, ಸಕ್ರಿ ಜಾಸ್ತಿ ಹಾಕು," ಎಂದಳು.

ಗುಜರಿ ಅಂಗಡಿಯಲ್ಲಿ ಒಂದು ಹಳೆಯ ಕನ್ನಡಿಯ ಕಟ್ಟು ಸಿಕ್ಕಿತು. ಗಾಜು ಹಾಕಿಸಿ ನಕಾಶೆಯನ್ನು ಗೋಡೆಗೆ ತೂಗುಹಾಕಿದೆವು. ಮನೆಗೆ ಬಂದವರು ಮೊದಲು ಬಾಗಿಲಿನ ಗಿಳಿ ನೋಡುತ್ತಾರೆ, ಆಮೇಲೆ ಗೋಡೆಯ ಮೇಲಿನ ಪೆನ್ಸಿಲ್ ಗೆರೆ ಏನೆಂದು ಕೇಳುತ್ತಾರೆ. ಹೇಳಲು ನಮ್ಮಿಬ್ಬರಲ್ಲಿ ಪೈಪೋಟಿ.

ಅವ್ವ ಊರಿಗೆ ಹೊರಡುವ ಮೊದಲು ಮೇಜನ್ನು ಗೇಣಿನಿಂದ ಅಳೆದುಕೊಂಡಿದ್ದಳು. ಎರಡು ತಿಂಗಳಿಗೆ ಬಸ್ಸಿನಿಂದ ದೊಡ್ಡ ಗಂಟು ಹೊತ್ತು ಇಳಿದಳು. ಹಳೆಯ ಸೀರೆಗಳನ್ನು ತುಂಡು ಮಾಡಿ ಹೊಲಿದ ಕೌದಿ, ಮೇಜಿಗೆ ಸರಿಯಾಗಿ ಹಾಸುವಷ್ಟು. ಅಂಚಿಗೆ ಕೆಂಪು ತ್ರಿಕೋನಗಳು.

"ಸಾಗವಾನಿ ಮುಚ್ಚಿಹೋಗ್ತದಲ್ಲವ್ವಾ," ಎಂದೆ.

"ಕಟಗಿ ಏನು ನೋಡ್ತಿ? ಬಣ್ಣ ನೋಡು," ಎಂದು ಒಂದು ತುದಿ ತಾನು ಹಿಡಿದು ಇನ್ನೊಂದನ್ನು ನನ್ನ ಕಡೆ ಎಸೆದಳು. "ಜಗ್ಗು, ಸುಕ್ಕು ಬೀಳಬಾರ್ದು."